ಮನೇಲೇ ಕ್ಲೀನರ್ ಮಾಡ್ಕೊಳ್ಳೋ ಕಿಟ್: ಪುಡಿಗಳಿಗೆ 5 ಸ್ಟಾರ್, ಜೊತೆಗೆ ಕೊಟ್ಟಿರೋ ಪುಸ್ತಕಕ್ಕೆ 1

ಈ ಕಿಟ್ ತಗೊಂಡು ನಾಲ್ಕು ತಿಂಗಳಾಯ್ತು, ಸರಿಯಾಗಿ ಬಳಸಿ ನೋಡ್ದೇ ಬರೀಬಾರ್ದು ಅಂತ ಇಷ್ಟು ದಿನ ಸುಮ್ನಿದ್ದೆ. ತಗೊಂಡಿದ್ದಕ್ಕೆ ಕಾರಣ ನನ್ ಮಗಳು. ಅವಳಿಗೆ ವೀಸಿಂಗ್ ಇದೆ, ಬಾತ್‌ರೂಮ್ ತೊಳೆದ ದಿನ ಬ್ಲೀಚ್ ಘಾಟಿಗೆ ರಾತ್ರಿಯೆಲ್ಲಾ ಕೆಮ್ಮೋಳು, ಎದ್ದು ಕೂತ್ಕೊಳ್ಳೋಳು, ನೋಡೋಕಾಗ್ತಿರ್ಲಿಲ್ಲ. ಘಾಟಿಲ್ದೇ ಮನೆ ಕ್ಲೀನ್ ಮಾಡೋಕಾಗುತ್ತಾ ಅಂತ ಹುಡುಕ್ತಾ ಇದ್ದಾಗ ಇದು ಸಿಕ್ತು.

ಡಬ್ಬದಲ್ಲಿ ಏನಿದೆ ಅಂದ್ರೆ ಬೇಕಿಂಗ್ ಸೋಡಾ, ವಾಷಿಂಗ್ ಸೋಡಾ, ಸಿಟ್ರಿಕ್ ಆಸಿಡ್, ಒಂದು ಬಾಟಲ್ ಬಿಳಿ ವಿನೆಗರ್, ಸಸ್ಯದ ಎಣ್ಣೆಯಿಂದ ಮಾಡಿದ ವಾಸನೆ ಇಲ್ಲದ ಲಿಕ್ವಿಡ್ ಸೋಪ್, ಪುಟ್ಟ ಶೀಶೆಯಲ್ಲಿ ಟೀ ಟ್ರೀ ಎಣ್ಣೆ, ಎರಡು ಖಾಲಿ ಸ್ಪ್ರೇ ಬಾಟಲ್, ಮತ್ತೆ ರೆಸಿಪಿ ಪುಸ್ತಕ.

ಮೊದ್ಲು ಪುಸ್ತಕದ ಬಗ್ಗೆ ಹೇಳ್ಬಿಡ್ತೀನಿ, ಯಾಕಂದ್ರೆ ಅದನ್ನ ನಂಬಿ ನಾನು ಎರಡು ವಾರ ವೇಸ್ಟ್ ಮಾಡ್ದೆ. ಮೊದಲ ರೆಸಿಪಿನೇ ವಿನೆಗರ್ ಪ್ಲಸ್ ಬೇಕಿಂಗ್ ಸೋಡಾ, ಬಾಟಲ್‌ಗೆ ತುಂಬಿ ಇಟ್ಕೊಳ್ಳಿ ಅಂತ. ಹಾಕಿದ ತಕ್ಷಣ ಭುಸ್ ಅಂತ ನೊರೆ ಬಂತು, ನೊರೆ ಇಳೀತು ಅಂತ ಮುಚ್ಚಳ ಬಿಗಿದು ಸಿಂಕ್ ಕೆಳಗಿಟ್ಟೆ. ಸ್ವಲ್ಪ ಹೊತ್ತಿಗೆ ಟಪ್ ಅಂತ ಶಬ್ದ, ಹೋಗಿ ನೋಡಿದ್ರೆ ಬಾಟಲ್ ಹೊಟ್ಟೆ ಉಬ್ಬಿದೆ, ಸ್ಪ್ರೇ ತಲೆ ಕಿತ್ಕೊಂಡು ಮೂಲೆಗೆ ಬಿದ್ದಿದೆ. ಆ ನೊರೆ ಅಂದ್ರೆ ಕಾರ್ಬನ್ ಡೈಆಕ್ಸೈಡ್, ಮುಚ್ಚಿದ ಬಾಟಲ್‌ನಲ್ಲಿ ಅದಕ್ಕೆ ಹೋಗೋಕೆ ಜಾಗ ಇಲ್ಲ. ಅದಕ್ಕಿಂತ ಬೇಜಾರಿನ ವಿಷಯ ಏನಂದ್ರೆ ನೊರೆ ಇಳಿದ ಮೇಲೆ ಬಾಟಲ್‌ನಲ್ಲಿ ಉಳಿಯೋದು ನೀರು ಮತ್ತೆ ಸೋಡಿಯಂ ಅಸಿಟೇಟ್ ಅನ್ನೋ ಉಪ್ಪು ಅಷ್ಟೇ. ವಿನೆಗರ್ ಆಸಿಡ್, ಸೋಡಾ ಕ್ಷಾರ, ಎರಡನ್ನೂ ಸೇರಿಸಿದ್ರೆ ಒಂದನ್ನೊಂದು ತಿಂದ್ಹಾಕಿ ಎರಡರ ಕೆಲಸನೂ ಹೋಯ್ತು. ಎರಡೂ ಒಳ್ಳೇ ಸಾಮಾನೇ, ಬೇರೆ ಬೇರೆ ಬಳಸ್ಬೇಕು ಅಷ್ಟೇ.

ಇನ್ನೊಂದು ರೆಸಿಪಿ ಲಿಕ್ವಿಡ್ ಸೋಪ್‌ಗೆ ವಿನೆಗರ್ ಸೇರಿಸಿ ಅನ್ನುತ್ತೆ. ಸೇರಿಸ್ದೆ, ಹಾಲು ಒಡೆದ ಹಾಗಾಯ್ತು, ಬಿಳಿ ಬಿಳಿ ಗಂಟು ಮೇಲೆ ತೇಲ್ತು, ಸ್ಪ್ರೇ ನಳಿಕೆ ಕಟ್ಕೊಂಡ್ತು. ಆಸಿಡ್ ಬಿದ್ರೆ ಸೋಪ್ ಒಡೆದು ಮತ್ತೆ ಕೊಬ್ಬಿನಂಶ ಆಗಿ ಹೊರಗೆ ಬರುತ್ತೆ, ಅದನ್ನ ಗಾಜಿಗೆ ಹೊಡೆದ್ರೆ ಕ್ಲೀನ್ ಆಗೋ ಬದಲು ಜಿಡ್ಡಾಗುತ್ತೆ.

ಅಲ್ಲಿಗೆ ಪುಸ್ತಕ ಮುಚ್ಚಿಟ್ಟು ಒಂದೊಂದೇ ಪುಡಿ ಏನು ಮಾಡುತ್ತೆ ಅಂತ ಓದಿ ತಿಳ್ಕೊಂಡೆ, ಆಮೇಲೆ ನೋಡಿ ಈ ಕಿಟ್ ಬೆಲೆ ಗೊತ್ತಾಗಿದ್ದು.

ನನ್ ಫೇವರಿಟ್ ಸಿಟ್ರಿಕ್ ಆಸಿಡ್. ನಮ್ ಶವರ್‌ನಲ್ಲಿ ಅರ್ಧ ತೂತು ಮುಚ್ಚೇ ಹೋಗಿತ್ತು, ಗಡಸು ನೀರಿನ ಬಿಳಿ ಪದರ, ಉಗುರಲ್ಲಿ ಕೆರೆದ್ರೂ ಬರ್ತಿರ್ಲಿಲ್ಲ. ಒಂದು ಲೀಟರ್ ನೀರಿಗೆ ಒಂದೂವರೆ ಚಮಚ ಪುಡಿ ಕರಗಿಸಿ ಒಂದು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಶವರ್ ತಲೆಗೆ ರಬ್ಬರ್ ಬ್ಯಾಂಡ್‌ನಿಂದ ಕಟ್ದೆ. ಹತ್ತಿರ ಹೋಗಿ ನೋಡಿದ್ರೆ ಪ್ರತಿ ತೂತಿಂದ ಸೂಜಿ ಮೊನೆಯಷ್ಟು ಗುಳ್ಳೆಗಳು ಸಾಲಾಗಿ ಏಳ್ತಾ ಇದ್ವು, ಆ ಪದರ ಕ್ಯಾಲ್ಸಿಯಂ ಕಾರ್ಬೊನೇಟ್, ಅದು ಕರಗ್ತಿರೋ ಗುರುತು ಅದು. ಒಂದು ಗಂಟೆ ಬಿಟ್ಟು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದ್ರೆ ಬೂದಿ ಥರ ಉದುರಿ ಹೋಯ್ತು. ಕೆಟಲ್‌ಗೂ ಇದೇ, ಆದ್ರೆ ಕುದಿಸ್ಬೇಡಿ, ಉಗುರುಬೆಚ್ಚಗೆ ಸಾಕು, ಜಾಸ್ತಿ ಬಿಸಿ ಮಾಡಿದ್ರೆ ಕ್ಯಾಲ್ಸಿಯಂ ಸಿಟ್ರೇಟ್ ಆಗಿ ಮತ್ತೆ ತಳದಲ್ಲಿ ಕೂರುತ್ತೆ. ಮಾರ್ಬಲ್ ಮೇಲೆ ಮಾತ್ರ ಒಂದು ಹನಿನೂ ಬೀಳ್ಬಾರ್ದು, ಮಾರ್ಬಲ್ ಕೂಡ ಅದೇ ಕ್ಯಾಲ್ಸಿಯಂ ಕಾರ್ಬೊನೇಟೇ, ಪಾಲಿಶ್ ತಿಂದು ಮಂಕು ಕಲೆ ಬೀಳುತ್ತೆ, ವಿನೆಗರ್‌ಗೂ ಇದೇ ಮಾತು. ಕರಗಿಸಿದ ನೀರು ತುಂಬಾ ದಿನ ಇಟ್ರೆ ಬೂಸ್ಟು ಬರುತ್ತೆ, ಬೇಕಾದಾಗ ಬೇಕಾದಷ್ಟೇ ಮಾಡ್ಕೊಳ್ಳಿ.

ಜಿಡ್ಡಿಗೆ ವಾಷಿಂಗ್ ಸೋಡಾ. ಬಿಸಿನೀರಲ್ಲಿ ಒಂದು ಚಮಚ ಹಾಕಿ ಸ್ಟೀಲ್ ಟ್ರೇ ನೆನೆಸಿದ್ರೆ ಅಂಟು ಅಂಟಾಗಿದ್ದ ಕಂದು ಎಣ್ಣೆ ತಾನಾಗೇ ಬಿಡುತ್ತೆ. ಇದು ಬೇಕಿಂಗ್ ಸೋಡಾಗಿಂತ ತುಂಬಾ ಗಟ್ಟಿ ಕ್ಷಾರ, ಬೇಕಿಂಗ್ ಸೋಡಾ ಪಿಎಚ್ ಸುಮಾರು 8 ಇದ್ರೆ ಇದು 11ರ ಹತ್ತಿರ, ಕೈಗೆ ಗ್ಲೌಸ್ ಬೇಕೇ ಬೇಕು, ಅಲ್ಯೂಮಿನಿಯಂ ಪಾತ್ರೆಗೆ ಹಾಕಿದ್ರೆ ಕಪ್ಪಾಗುತ್ತೆ. ಚಿಮಣಿ ಫಿಲ್ಟರ್ ತುಂಬಾ ಸಲ ಅಲ್ಯೂಮಿನಿಯಂದೇ ಇರುತ್ತೆ, ನೋಡ್ಕೊಂಡು ಹಾಕಿ. ಸಿಂಕ್ ಉಜ್ಜೋಕೆ ಬೇಕಿಂಗ್ ಸೋಡಾಗೆ ನಾಲ್ಕು ಹನಿ ಸೋಪ್ ಸೇರಿಸಿ ಪೇಸ್ಟ್ ಮಾಡ್ತೀನಿ, ಗೀರು ಬೀಳಲ್ಲ. ನೆಲಕ್ಕೆ ಆ ಸೋಪೇ ಸಾಕು.

ಈಗ ನನಗೆ ನಿಜವಾಗ್ಲೂ ಸಿಟ್ಟು ಬಂದ ವಿಷಯ. ಮುಖಪುಟದಲ್ಲಿ ದೊಡ್ಡದಾಗಿ ನಾನ್ ಟಾಕ್ಸಿಕ್ ಅಂತ ಹಾಕಿದಾರೆ, ಒಳಗೆ ಎಲ್ಲೂ ಬ್ಲೀಚ್ ಬಗ್ಗೆ ಒಂದು ಸಾಲಿಲ್ಲ. ಹೊಸದಾಗಿ ಶುರು ಮಾಡೋರ ಮನೇಲಿ ಹಳೇ ಬ್ಲೀಚ್ ಬಾಟಲ್ ಇದ್ದೇ ಇರುತ್ತೆ, ಟಾಯ್ಲೆಟ್‌ಗೆ ಅದನ್ನ ಹಾಕಿ, ಅದರ ಮೇಲೇ ಈ ವಿನೆಗರ್ರೋ ಸಿಟ್ರಿಕ್ ಆಸಿಡ್ಡೋ ಹಾಕಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ. ವೀಸಿಂಗ್ ಇರೋ ಮಗು ಇರೋ ಮನೇಲಿ ಅದು ಏನಾಗ್ಬಹುದು ಅಂತ ನೆನೆಸ್ಕೊಂಡ್ರೆ ಈಗ್ಲೂ ಕೈ ನಡುಗುತ್ತೆ. ವಿನೆಗರ್ ಎಲ್ಲಾ ರೋಗಾಣು ಕೊಲ್ಲುತ್ತೆ ಅಂತ ಬರೆದಿರೋದೂ ತಪ್ಪು. ದಿನನಿತ್ಯಕ್ಕೆ ಸೋಪು ನೀರು ಹಾಕಿ ಚೆನ್ನಾಗಿ ಒರೆಸಿದ್ರೆ ಸಾಕಾಗುತ್ತೆ, ಮನೇಲಿ ಯಾರಿಗಾದ್ರೂ ವಾಂತಿ ಭೇದಿ ಆದಾಗ ಅದು ಸಾಲ್ದು, ಆಗ ಲೇಬಲ್ ಮೇಲೆ ಡಿಸ್‌ಇನ್ಫೆಕ್ಟೆಂಟ್ ಅಂತ ಇರೋದನ್ನೇ ತಗೊಂಡು ಅಲ್ಲಿ ಬರೆದಿರೋಷ್ಟು ನಿಮಿಷ ಒದ್ದೆಯಾಗೇ ಬಿಟ್ಟು ಒರೆಸ್ಬೇಕು. ಕೆಲವರು ಹೈಡ್ರೋಜನ್ ಪೆರಾಕ್ಸೈಡ್‌ಗೆ ವಿನೆಗರ್ ಬೆರೆಸಿ ಇಟ್ಕೊಳ್ತಾರೆ, ದಯವಿಟ್ಟು ಬೇಡ, ಪೆರಾಸಿಟಿಕ್ ಆಸಿಡ್ ಆಗುತ್ತೆ, ಕಣ್ಣಿಗೂ ಶ್ವಾಸಕೋಶಕ್ಕೂ ಉರಿ.

ಟೀ ಟ್ರೀ ಎಣ್ಣೆ ಶೀಶೆ ನಾನು ತೆರೆದೇ ಇಲ್ಲ. ಮನೇಲಿ ಬೆಕ್ಕಿದೆ, ಬೆಕ್ಕು ನಾಯಿಗಳಿಗೆ ಅದು ವಿಷ, ನೆಲಕ್ಕೆ ಹಾಕಿ ಒರೆಸಿದ್ರೆ ಅವು ಅದೇ ನೆಲದ ಮೇಲೆ ಓಡಾಡಿ ಪಾದ ನೆಕ್ಕುತ್ವೆ. ಅದನ್ನ ಬಿಟ್ರೂ ವೀಸಿಂಗ್ ಇರೋರಿಗೆ ಘಾಟು ವಾಸನೆ ಯಾವುದಾದ್ರೇನು, ಗಿಡದಿಂದ ಬಂದ್ರೂ ಘಾಟು ಘಾಟೇ.

ಮಗಳ ವಿಷಯಕ್ಕೆ ಬಂದ್ರೆ, ಬಾತ್‌ರೂಮ್ ತೊಳೆದ ದಿನ ರಾತ್ರಿ ಈಗ ಮಲಗ್ತಾಳೆ. ಡಾಕ್ಟರ್ ಕೊಟ್ಟ ಇನ್‌ಹೇಲರ್ ಹಾಗೇ ನಡೀತಾ ಇದೆ, ಅದನ್ನ ಇದರಿಂದ ನಿಲ್ಲಿಸಿಲ್ಲ, ಯಾರೂ ನಿಲ್ಲಿಸ್ಬೇಡಿ.

ಪುಡಿಗಳು ಮುಗಿದ ಮೇಲೆ ಬಿಡಿಯಾಗಿ ತಗೊಳ್ಳೋದೇ ವಾಸಿ, ನಾನಂತೂ ಹಾಗೇ ಮಾಡ್ತಿದೀನಿ, ಸ್ಪ್ರೇ ಬಾಟಲ್ ಮೇಲೆ ಒಳಗೇನಿದೆ, ಯಾವತ್ತು ಮಾಡಿದ್ದು ಅಂತ ಮಾರ್ಕರ್‌ನಲ್ಲಿ ಬರೀತೀನಿ. ಕಿಟ್ ಮಾಡೋರು ಇದನ್ನ ಓದ್ತಿದ್ರೆ ನನ್ನದೊಂದು ರಿಕ್ವೆಸ್ಟ್: ಆ ಎಣ್ಣೆ ಶೀಶೆ ತೆಗೆದು ಆ ಜಾಗದಲ್ಲಿ ಒಂದು ಜೊತೆ ಗ್ಲೌಸ್ ಇಡಿ, ಮತ್ತೆ ಪುಸ್ತಕದ ಮೊದಲನೇ ಪುಟದಲ್ಲಿ ವಿನೆಗರ್ ಸೋಡಾ ರೆಸಿಪಿ ಬದಲು ಬ್ಲೀಚ್ ಜೊತೆ ಏನೂ ಬೆರೆಸ್ಬೇಡಿ ಅಂತ ದಪ್ಪ ಅಕ್ಷರದಲ್ಲಿ ಹಾಕಿ.