ದುರ್ಗದ ಕಾದಂಬರಿಗಳಲ್ಲಿ ಮೊದಲು ಯಾವುದು?

ಕಾದಂಬರಿಕಾರ ತ.ರಾ.ಸು. ಅವರನ್ನು ಇನ್ನೂ ಓದದವರು, ಎಲ್ಲಿಂದ ಶುರು ಮಾಡಲಿ ಅಂತ ಚಿತ್ರದುರ್ಗದಲ್ಲಿ ಯಾರನ್ನೇ ಕೇಳಿದರೂ ಬರುವ ಉತ್ತರ ಒಂದೇ. 'ದುರ್ಗಾಸ್ತಮಾನ' ಓದಿ ಅಂತಾರೆ. ಅದು ಅವರ ದೊಡ್ಡ ಪುಸ್ತಕ, ನಿಜ. ಆದರೆ ಮೊದಲು ಕೈಗೆ ಕೊಡಬೇಕಾದದ್ದು ಅದಲ್ಲ ಎಂದು ನನಗೆ ಅನಿಸುತ್ತದೆ. ಈ ತಿಂಗಳು ದುರ್ಗದ ಕಥೆಗಳನ್ನೇ ಒಂದರ ಹಿಂದೆ ಒಂದು ಓದಿದೆ. ಮನೆಯಲ್ಲಿ ಅತ್ತೆಯವರೂ ಜೊತೆಗೆ ಓದಿದರು. ಡಿಗ್ರಿ ಓದುವ ಅಕ್ಕನ ಮಗಳು ರಜಕ್ಕೆ ಬಂದಿದ್ದಳು, ಅವಳೂ ಸೇರಿಕೊಂಡಳು. ಮೂವರ ವಯಸ್ಸು ಬೇರೆ, ರುಚಿ ಬೇರೆ. ಹಾಗಾಗಿ ಯಾವ ಪುಸ್ತಕ ಯಾರನ್ನು ಹಿಡಿಯಿತು, ಯಾವುದು ಬಿಟ್ಟಿತು ಅಂತ ಕಣ್ಣೆದುರಿಗೇ ಕಂಡಿತು.

ಅಕ್ಕನ ಮಗಳು ಶುರು ಮಾಡಿದ್ದು 'ದುರ್ಗಾಸ್ತಮಾನ'ದಿಂದಲೇ. ಚಿತ್ರದುರ್ಗ ಆಳಿದ ಕೊನೆಯ ಮದಕರಿ ನಾಯಕರ ಕಥೆ ಅದು. 1754ರಲ್ಲಿ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದವರು. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು. ಈ ಇಪ್ಪತ್ತೈದು ವರ್ಷದಲ್ಲಿ ಅರಮನೆಯ ಒಳಜಗಳ, ಸುತ್ತಲಿನ ಪಾಳೆಯಗಾರರು, ಮರಾಠರು, ಹೈದರಾಲಿ ಎಲ್ಲರೂ ಬಂದು ಹೋಗುತ್ತಾರೆ. ಇವರೆಲ್ಲರ ಪರಿಚಯ ಇರುವವರಿಗೆ ಅದೇ ಸುಖ. ಇಲ್ಲದವರಿಗೆ ಅದೇ ಕಷ್ಟ. "ಚಿಕ್ಕಮ್ಮ, ಯಾರು ಯಾರ ಕಡೆ ಅಂತಾನೇ ಗೊತ್ತಾಗ್ತಿಲ್ಲ" ಎಂದು ಪುಸ್ತಕ ಮಗುಚಿಟ್ಟಳು. ಅವಳೇನು ಓದದ ಹುಡುಗಿಯಲ್ಲ. ಮೊದಲ ಪುಸ್ತಕವಾಗಿ ಅದು ಭಾರ, ಅಷ್ಟೇ.

ಆಮೇಲೆ ಅವಳ ಕೈಗೆ 'ಹಂಸಗೀತೆ' ಕೊಟ್ಟೆ. ಸಂಜೆ ಕಾಫಿಗೆ ಕರೆದರೂ ಏಳಲಿಲ್ಲ. ಇಲ್ಲಿ ರಾಜಕೀಯದ ಜಾಲ ಇಲ್ಲ. ಒಬ್ಬ ಮನುಷ್ಯ, ಅವನ ಸಂಗೀತ. ಭೈರವಿ ವೆಂಕಟಸುಬ್ಬಯ್ಯ ದುರ್ಗದ ನೆಲದ ಹಾಡುಗಾರ. ಹಾಡು ಯಾರಿಗಾಗಿ, ದೊರೆಗೋ, ದೇವರಿಗೋ, ತನಗೋ ಎಂಬ ಪ್ರಶ್ನೆ ಅವನನ್ನು ಬಿಡುವುದೇ ಇಲ್ಲ. ಗೆದ್ದಾಗ ಬರುವ ಸೊಕ್ಕನ್ನೂ ಲೇಖಕರು ಮುಚ್ಚಿಡುವುದಿಲ್ಲ. ಹಾಗಾಗಿ ಅವನ ಮೇಲೆ ಸಿಟ್ಟೂ ಬರುತ್ತದೆ, ಮರುಕವೂ ಬರುತ್ತದೆ. ಕೊನೆ ಏನಾಗುತ್ತದೆ ಅಂತ ನಾನು ಹೇಳಲ್ಲ. ಈ ಕಥೆಯಿಂದ 1956ರಲ್ಲಿ ಹಿಂದಿಯಲ್ಲಿ 'ಬಸಂತ್ ಬಹಾರ್' ಬಂತು. 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲೇ ತೆಗೆದರು, ಅನಂತನಾಗ್ ನಟಿಸಿದರು. ಸಿನಿಮಾ ನೋಡದೆ ಓದಿದರೆ ಇನ್ನೂ ಒಳ್ಳೆಯದು. ಸಂಗೀತ ಗೊತ್ತಿರಬೇಕೇ? ಬೇಡ. ನನಗೆ ರಾಗ ಗುರುತಿಸಲು ಬರಲ್ಲ, ಆದರೂ ಒಂದು ಪುಟವೂ ಬೇಸರ ತರಲಿಲ್ಲ.

ಅತ್ತೆಯವರನ್ನು ಹಿಡಿದದ್ದು ಬೇರೆ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಒಂದೇ ಕಥೆಯ ಮೂರು ಭಾಗ. 17ನೇ ಶತಮಾನದ ಕೊನೆಯ ದಶಕಗಳ ದುರ್ಗ. ಸಿಂಹಾಸನದ ಮೇಲೆ ಯಾರೇ ಕೂತರೂ ಸೂತ್ರ ದಳವಾಯಿ, ಅಂದರೆ ಸೇನಾಪತಿ, ಮುದ್ದಣ್ಣನ ಕೈಯಲ್ಲಿ. ಸಂಚು, ಅದಕ್ಕೆ ಪ್ರತಿಸಂಚು, ನಂಬಿದವರಿಂದಲೇ ಏಟು. ಓಟ ಅಂದರೆ ಇದು. ಮಧ್ಯಾಹ್ನ ಮಲಗುವ ಅಭ್ಯಾಸದ ಅತ್ತೆ ಮಲಗುವುದನ್ನೇ ಬಿಟ್ಟರು. ನಾನು ಅವರಿಗಿಂತ ಒಂದು ಭಾಗ ಮುಂದಿದ್ದೆ. ರೊಟ್ಟಿ ತಟ್ಟುವಾಗ ಪಕ್ಕ ಬಂದು ನಿಂತು, "ಆ ಮುದ್ದಣ್ಣ ಸತ್ತನೇನವ್ವಾ?" ಅಂತ ಕೇಳುತ್ತಿದ್ದರು. ನಾನು ಬಾಯಿ ಬಿಡಲಿಲ್ಲ.

ಈ ಮೂರರಲ್ಲಿ ನನಗೆ ಒಂದು ಕೊರತೆ ಕಾಣುತ್ತದೆ. ಪಾತ್ರಗಳು ಮಾತಿಗೆ ನಿಂತರೆ ಉದ್ದಕ್ಕೆ ಮಾತಾಡುತ್ತವೆ, ನಾಟಕದ ವೇದಿಕೆಯ ಹಾಗೆ. 'ಹಂಸಗೀತೆ'ಯ ಬಿಗಿ ಇಲ್ಲಿಲ್ಲ. ಆದರೆ ಮುಂದೇನು ಎಂಬ ಕಾತರ ಇಲ್ಲಿ ಇರುವಷ್ಟು ಬೇರೆಲ್ಲೂ ಇಲ್ಲ. ಓದುವ ಅಭ್ಯಾಸ ತಪ್ಪಿಹೋಗಿದೆ, ಎರಡು ಪುಟಕ್ಕೇ ಮೊಬೈಲ್ ಕೈಗೆ ಬರುತ್ತದೆ ಅನ್ನುವವರಿಗೆ ನಾನು ಇದನ್ನೇ ಕೊಡುತ್ತೇನೆ.

'ನಾಗರಹಾವು' ಬಗ್ಗೆ ಜಾಸ್ತಿ ಹೇಳಲು ಆಗಲ್ಲ. ಕಾದಂಬರಿ ಚೆನ್ನಾಗಿದೆ. ಆದರೆ 1972ರ ಸಿನಿಮಾ ನೋಡಿದವರಿಗೆ ರಾಮಾಚಾರಿ ವಿಷ್ಣುವರ್ಧನ್ ಮುಖದಲ್ಲೇ ಬರುತ್ತಾನೆ, ಚಾಮಯ್ಯ ಮೇಷ್ಟ್ರು ಅಶ್ವತ್ಥ್ ದನಿಯಲ್ಲೇ ಮಾತಾಡುತ್ತಾರೆ. ಸಿನಿಮಾಕ್ಕೆ ಇದರ ಜೊತೆ 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಕೂಡ ಸೇರಿವೆ. ಹಾಗಾಗಿ ಪುಸ್ತಕ ಬೇರೆ, ಸಿನಿಮಾ ಬೇರೆ ಅಂತ ಮನಸ್ಸಿಗೆ ಹೇಳಿಕೊಂಡು ಓದಬೇಕು. ಸಿನಿಮಾ ನೋಡದ ಇಪ್ಪತ್ತರ ಹುಡುಗರಿಗೆ ಕೊಡಿ, ಅವರಿಗೆ ಹೊಸದಾಗಿ ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೆ ನಾನು 'ದುರ್ಗಾಸ್ತಮಾನ'ಕ್ಕೆ ಕೈ ಹಾಕಿದೆ. ಮುದ್ದಣ್ಣನ ಕಾಲ ಓದಿ ಬಂದವರಿಗೆ ಈ ಅರಮನೆ ಒಳಗಿನಿಂದ ಹೇಗೆ ಒಡೆಯುತ್ತದೆ ಅಂತ ಗೊತ್ತಿರುತ್ತದೆ. ಅದು ಗೊತ್ತಿದ್ದರೆ ಮದಕರಿ ನಾಯಕರ ಸುತ್ತ ಯಾರಾದರೂ ದನಿ ತಗ್ಗಿಸಿ ಮಾತಾಡಿದರೂ ಎದೆ ಢವಢವ ಅನ್ನುತ್ತದೆ. ಸೋಲು ಹೆಸರಿನಲ್ಲೇ ಇದೆ. ಆದರೂ ಈ ಸಲ ಕೋಟೆ ಉಳಿದೀತೇ ಅಂತ ಓದಿಸುತ್ತಾರಲ್ಲ, ಅದು ದೊಡ್ಡ ಲೇಖಕರ ಕೆಲಸ. ಅವರ ಕೊನೆಯ ಕಾದಂಬರಿ ಇದು. 1985ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಮುತ್ತಿಗೆಯ ಭಾಗ ಓದುವ ಹೊತ್ತಿಗೆ ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಮಗಳ ಜೊತೆ ಬೆಟ್ಟ ಹತ್ತಿದೆ. ಸಿಡಿಮದ್ದು ಬೀಸುವ ಕಲ್ಲಿನ ಗುಂಡಿ ಮುಂದೆ ಅವಳು ಸುಮಾರು ಹೊತ್ತು ನಿಂತಳು. ಆಳೆತ್ತರದ ಕಲ್ಲಿನ ಚಕ್ರಗಳು. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಇಷ್ಟು ನೀರು, ಇಷ್ಟು ಮದ್ದು ಇದ್ದೂ ಕೋಟೆ ಬಿತ್ತಲ್ಲ ಅಂತ ಅವಳೇ ಹೇಳಿದಳು. ಮನೆಗೆ ಬಂದವಳು, ಮಗುಚಿಟ್ಟಿದ್ದ ಪುಸ್ತಕವನ್ನು ಮೊದಲಿನಿಂದ ಶುರು ಮಾಡಿದಳು.

ದುರ್ಗಕ್ಕೆ ಬರುವ ಆಸೆ ಇರುವವರಿಗೆ ಅದಕ್ಕೇ ಹೇಳುವುದು: 'ಹಂಸಗೀತೆ' ಊರಲ್ಲೇ ಓದಿಕೊಂಡು ಬನ್ನಿ. ಆ ಮೂರು ಭಾಗ ಬಸ್ಸಿನಲ್ಲಿ, ರೈಲಿನಲ್ಲಿ ತುಂಡು ತುಂಡಾಗಿ ಓದಿದರೂ ನಡೆಯುತ್ತದೆ, ದಾರ ತಪ್ಪಲ್ಲ. 'ದುರ್ಗಾಸ್ತಮಾನ' ಹಾಗಲ್ಲ. ಅದಕ್ಕೆ ನಾಲ್ಕು ದಿನ ಬಿಡುವು ಇಟ್ಟುಕೊಳ್ಳಿ, ಪಾತ್ರಗಳ ಹೆಸರು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೋಟೆ ನೋಡುವುದನ್ನು ಅದು ಮುಗಿದ ಮೇಲೆ ಇಟ್ಟುಕೊಂಡರೆ ಗೈಡ್ ಬೇಕಾಗುವುದಿಲ್ಲ.