ಟನ್ ನೋಡಿ ಕೊಳ್ಳಬೇಡಿ, ತೋಟದ ತಿರುವು ನೋಡಿ: ಮಲೆನಾಡಿನಲ್ಲಿ ಹೊಸ ಬೊಲೆರೊ ಮ್ಯಾಕ್ಸ್ ಪಿಕಪ್

ನಮ್ಮ ಕಡೆಯವರು ಪಿಕಪ್ ಕೊಳ್ಳಲು ಹೋದಾಗ ಮೊದಲು ಕೇಳುವುದು ಒಂದೇ ಮಾತು, ‘ಎಷ್ಟು ಟನ್ ಹಾಕಬಹುದು?’ ಶೋರೂಮಿನವರಿಗೂ ಅದೇ ಬೇಕು. ಒಂದು ಟನ್ ಮುನ್ನೂರು ಕೇಳಲು ಬಂದವರಿಗೆ ಒಂದೂಮುಕ್ಕಾಲು ತೋರಿಸುತ್ತಾರೆ, ಒಂದೂಮುಕ್ಕಾಲು ಕೇಳಿದವರಿಗೆ ಎರಡು ಟನ್ ತೋರಿಸುತ್ತಾರೆ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯವರಾದರೆ ನನ್ನ ಸಲಹೆ ಬೇರೆ. ಹೋಗುವ ಮುಂಚೆ ಟೇಪು ಹಿಡಿದುಕೊಂಡು ನಿಮ್ಮ ತೋಟದ ಗೇಟು ಅಳೆಯಿರಿ. ಗೇಟು ದಾಟಿದ ಮೇಲೆ ಬರುವ ಮೊದಲ ತಿರುವನ್ನೂ ಅಳೆಯಿರಿ.

ನಮ್ಮಲ್ಲಿರುವುದು ಮಹೀಂದ್ರಾ ಬೊಲೆರೊ ಮ್ಯಾಕ್ಸ್ ಪಿಕಪ್ ಎಚ್‌ಡಿ 1.7, ಒಂಬತ್ತು ಅಡಿ ಟ್ರೇ ಇರುವುದು. ಮುಂಚೆ ಹಳೇ ಬೊಲೆರೊ ಪಿಕಪ್ ಇತ್ತು. ತೋಟ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ. ಕಾಫಿ, ಮೆಣಸು, ಗೊಬ್ಬರ, ಸಿಲ್ವರ್ ಓಕ್ ತುಂಡು, ಮಧ್ಯೆ ಮಧ್ಯೆ ಬೇರೆಯವರ ಶುಂಠಿ ಬಾಡಿಗೆ. ಲೆಕ್ಕ ನೋಡಿಕೊಳ್ಳುವುದು ನಾನು. ಡ್ರೈವರ್ ರಜೆ ಹಾಕಿದ ದಿನ ಓಡಿಸುವುದೂ ನಾನೇ. ಹೆಂಗಸು ಪಿಕಪ್ ಓಡಿಸಿಕೊಂಡು ವೇ ಬ್ರಿಡ್ಜ್‌ಗೆ ಬಂದರೆ ಮೊದಮೊದಲು ಹಮಾಲರು ಕೆಲಸ ಬಿಟ್ಟು ನೋಡುತ್ತಿದ್ದರು, ಈಗ ‘ಸ್ವಲ್ಪ ಹಿಂದೆ ತಗೊಳ್ಳಿ ಅಕ್ಕಾ’ ಎನ್ನುತ್ತಾರೆ, ಅಷ್ಟೇ.

ಈ ಮ್ಯಾಕ್ಸ್ ಸಾಲು ಪೂರ್ತಿಯಾಗಿ ಬಂದದ್ದು 2023ರ ಏಪ್ರಿಲ್‌ನಲ್ಲಿ. ಆಗ ಶುರುವಿನ ಬೆಲೆ 7.85 ಲಕ್ಷ, ಶೋರೂಮ್ ದರ. ಸಿಟಿ ಅಂತ ಒಂದು ಸರಣಿ, ಎಚ್‌ಡಿ ಅಂತ ಇನ್ನೊಂದು. ಹೊರುವ ತೂಕ 1.3 ಟನ್‌ನಿಂದ 2 ಟನ್‌ವರೆಗೆ. ಹೆಸರಿನಲ್ಲಿ ಎಲ್ ಅಕ್ಷರ ಇರುವ ಗಾಡಿಗಳ ಟ್ರೇ ಉದ್ದ, 3050 ಮಿ.ಮೀ., ಅಂದರೆ ಹತ್ತು ಅಡಿ. ನಮ್ಮ ಗಾಡಿಯ ಎಂಜಿನ್ ಹಳೇ ಮನೆತನದ್ದೇ, ಎರಡೂವರೆ ಲೀಟರ್ ಡೀಸೆಲ್, 220 ಎನ್‌ಎಂ ಎಳೆತ. ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್ ವಾರಂಟಿ. ಸರ್ವಿಸ್ 20,000 ಕಿಲೋಮೀಟರಿಗೆ ಒಂದು ಸಲ. 2025ರ ಸೆಪ್ಟೆಂಬರ್ 22ರಿಂದ ಗೂಡ್ಸ್ ಗಾಡಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಹಾಗಾಗಿ ಹಳೇ ಕೊಟೇಶನ್ ಇಟ್ಟುಕೊಂಡವರು ಹೊಸದು ಬರೆಸಿಕೊಳ್ಳಿ.

ಅಂಕಿ ಸಂಖ್ಯೆ ಸಾಕು. ಬದಲಾಗಿದ್ದು ಏನು?

ನನ್ನ ಪ್ರಕಾರ ದೊಡ್ಡ ಬದಲಾವಣೆ ಟ್ರೇನಲ್ಲಿ ಇಲ್ಲ, ಕ್ಯಾಬಿನ್ನಿನಲ್ಲಿದೆ. ನಮ್ಮ ಡ್ರೈವರ್ ಕುಳ್ಳಗಿನ ಆಳು. ಹಳೇ ಗಾಡಿಯಲ್ಲಿ ಎರಡು ಗೋಣಿಚೀಲ ಮಡಚಿ ಸೀಟಿನ ಮೇಲೆ ಹಾಕಿಕೊಳ್ಳುತ್ತಿದ್ದ. ಬ್ರೇಕ್ ಒತ್ತಿದಾಗಲೆಲ್ಲ ಚೀಲ ಮುಂದಕ್ಕೆ ಜಾರುತ್ತಿತ್ತು, ಅದನ್ನು ಒಂದು ಕೈಯಲ್ಲಿ ಹಿಂದಕ್ಕೆ ಎಳೆದುಕೊಂಡೇ ತಿರುವು ಹೊಡೆಯುತ್ತಿದ್ದ. ಹೊಸದರಲ್ಲಿ ಡ್ರೈವರ್ ಸೀಟನ್ನು ಎತ್ತರ ಮಾಡಿಕೊಳ್ಳಬಹುದು. ಸಂಜೆ ಹಾಸನದಿಂದ ವಾಪಸ್ ಬಂದಾಗ ಸೊಂಟ ಹಿಡಿದುಕೊಂಡು ಇಳಿಯುವುದು ನಿಂತಿದೆ. ನಾನು ಕೂತಾಗ ಸೀಟನ್ನು ಒಂದಿಷ್ಟು ಇಳಿಸಿಕೊಳ್ಳುತ್ತೇನೆ, ಅವನು ಬಂದು ಮತ್ತೆ ಏರಿಸಿಕೊಳ್ಳುತ್ತಾನೆ. ಕಾರಿನವರಿಗೆ ಇದು ನಗು ಬರಿಸುವ ವಿಷಯ. ದಿನವಿಡೀ ಗೂಡ್ಸ್ ಗಾಡಿಯಲ್ಲಿ ಕೂರುವವನನ್ನು ಕೇಳಿ ನೋಡಿ. ಒಳ್ಳೆ ಡ್ರೈವರ್ ಸಿಗುವುದೇ ಕಷ್ಟ ಆಗಿರುವ ಕಾಲ. ಸಿಕ್ಕವನು ಉಳಿಯಬೇಕು ಅಂದರೆ ಸಂಬಳ ಒಂದೇ ಸಾಲದು, ಅಲ್ವಾ?

ಕ್ಯಾಬಿನ್ನಿನಲ್ಲಿ ಡ್ರೈವರ್ ಸೇರಿ ಮೂರು ಜನ. ಮಧ್ಯದಲ್ಲಿ ಕೂತವರ ಮಂಡಿಗೆ ಗೇರ್ ರಾಡ್ ತಾಗುವುದು ಈ ಜಾತಿಯ ಎಲ್ಲಾ ಗಾಡಿಗಳ ಹಣೆಬರಹ.

ಇನ್ನೊಂದು ನನಗೆ ಹಿಡಿಸಿದ್ದು ತಿರುವಿನ ದೀಪ. ಗಾಡಿ ತಿರುಗುವ ಕಡೆಗೆ ಪಕ್ಕದ ಜಾಗಕ್ಕೆ ಬೆಳಕು ಬೀಳುತ್ತದೆ. ಪೇಟೆಯಲ್ಲಿ ಇದರ ಅಗತ್ಯವೇ ಗೊತ್ತಾಗುವುದಿಲ್ಲ. ತೋಟದ ರಸ್ತೆಯಲ್ಲಿ ಒಂದು ಪಕ್ಕ ದರೆ, ಇನ್ನೊಂದು ಪಕ್ಕ ಬಸಿಗಾಲುವೆ. ಹೆಡ್‌ಲೈಟು ಎದುರಿನ ಗಿಡ ತೋರಿಸುತ್ತದೆಯೇ ಹೊರತು ಚಕ್ರ ಎಲ್ಲಿ ಬೀಳುತ್ತದೆ ಅಂತ ತೋರಿಸುವುದಿಲ್ಲ. ಅದೂ ಅಲ್ಲದೆ ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಕಾಟ ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು. ಕತ್ತಲಾದ ಮೇಲೆ ಇಳಿದು ಟಾರ್ಚ್ ಹಿಡಿದು ‘ಬಾ ಬಾ’ ಅನ್ನಲು ಯಾರಿಗೂ ಧೈರ್ಯ ಇಲ್ಲ.

ವಿಎಕ್ಸ್‌ಐ ಮಾದರಿಯಲ್ಲಿ ಐಮ್ಯಾಕ್ಸ್ ಅಂತ ಒಂದು ವ್ಯವಸ್ಥೆ ಇದೆ, ಗಾಡಿ ಎಲ್ಲಿದೆ ಅಂತ ಫೋನಿನಲ್ಲೇ ನೋಡಬಹುದು. ನಮ್ಮ ಹಳ್ಳ ದಿಣ್ಣೆಯಲ್ಲಿ ಸಿಗ್ನಲ್ ಇದ್ದ ಕಡೆ ಉಂಟು, ಇಲ್ಲದ ಕಡೆ ಇಲ್ಲ. ಬಾಡಿಗೆಗೆ ಬೆಂಗಳೂರಿನವರೆಗೆ ಕಳಿಸುವವರಿಗೆ ಉಪಯೋಗ. ನಾನು ಡ್ರೈವರಿಗೆ ಫೋನ್ ಮಾಡುತ್ತೇನೆ.

ಇನ್ನು ಉದ್ದದ ವಿಷಯ. ಶುಂಠಿ, ಆಲೂಗಡ್ಡೆ ಹೊರುವ ಪರಿಚಯದವರೊಬ್ಬರು ಇದ್ದಾರೆ, ಹಾಸನ ಎಪಿಎಂಸಿಯಿಂದ ಬೆಂಗಳೂರಿಗೆ ಓಡಿಸುತ್ತಾರೆ. ಅವರು ತೆಗೆದುಕೊಂಡದ್ದು 2.0 ಎಲ್, ಹತ್ತು ಅಡಿಯದು. ಅವರಿಗೆ ಅದೇ ಸರಿ. ಮಂಡಿಯಿಂದ ಹೆದ್ದಾರಿ, ಹೆದ್ದಾರಿಯಿಂದ ಮಂಡಿ, ತಿರುವು ಅಂತ ಇರುವುದೇ ಕಡಿಮೆ. ‘ನೀವು ಮುನ್ನೂರು ಕೆ.ಜಿ. ಸುಮ್ನೆ ಬಿಟ್ಟಿರಲ್ಲ’ ಅಂತ ಸಿಕ್ಕಾಗಲೆಲ್ಲ ರೇಗಿಸುತ್ತಾರೆ. ನಾನು ಅವರ ಗಾಡಿಯನ್ನು ಒಂದು ಸಲ ನಮ್ಮ ಕಣದವರೆಗೆ ತರಲು ಹೇಳಿದೆ. ಗೇಟು ದಾಟಿತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ಹತ್ತಿರದ ತಿರುವಿನಲ್ಲಿ ನಿಂತಿತು. ಮುಂದೆ, ಹಿಂದೆ, ಮತ್ತೆ ಮುಂದೆ. ಹಿಂದಿನ ಬಂಪರು ದರೆಯ ಮಣ್ಣಿಗೆ ಒರಸಿತು. ಆಮೇಲೆ ಕೆಳಗೇ ನಿಲ್ಲಿಸಿ, ಆಳುಗಳ ಕೈಲಿ ಚೀಲ ಹೊರಿಸಿ ಇಳಿಸಿದೆವು. ಟ್ರೇನಲ್ಲಿ ಒಂದು ಅಡಿ ಉಳಿಸಿದವರಿಗೆ ಆ ಕೂಲಿ ಉಳಿಯುತ್ತದೆ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಮ್ಮ ಕಾಫಿ ವ್ಯವಹಾರ ಎಲ್ಲಾ 50 ಕೆ.ಜಿ. ಚೀಲದ ಲೆಕ್ಕ. 1.7 ಟನ್ ಅಂದರೆ 34 ಚೀಲ. ಎರಡು ಟನ್ ಅಂದರೆ 40. ಆರು ಚೀಲದ ವ್ಯತ್ಯಾಸ. ಸಣ್ಣ, ಮಧ್ಯಮ ತೋಟದವರು ಒಂದೇ ದಿನ 40 ಚೀಲ ಕಳಿಸಲೇಬೇಕು ಅನ್ನುವ ಸಂದರ್ಭ ವರ್ಷದಲ್ಲಿ ಎಷ್ಟು ಬರುತ್ತದೆ? ಹಾಗೆ ಬಂದರೆ ಬಾಡಿಗೆ ಗಾಡಿ ಸಿಗುತ್ತದೆ. ‘34 ಅಂದರೆ 45 ಹಾಕಿದರೂ ಎಳೆಯುತ್ತೆ’ ಅನ್ನುವ ಮಹಾನುಭಾವರೂ ಇದ್ದಾರೆ. ಎಳೆಯುತ್ತೆ. ಓವರ್‌ಲೋಡಿಗೆ ಕಾನೂನಿನಲ್ಲಿ ಇರುವ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಅದಕ್ಕಿಂತ ನನಗೆ ಭಯ ಶಿರಾಡಿ ಘಾಟಿ ಇಳಿಯುವಾಗಿನ ಬ್ರೇಕಿನದು.

ಘಾಟಿಯಲ್ಲಿ ಈ ಗಾಡಿ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಹತ್ತುವಾಗ ಆತುರ ಇಲ್ಲ, ಆದರೆ ನಿಲ್ಲುವುದಿಲ್ಲ. ಲೋಡು ಇದ್ದಾಗ ಮಾರನಹಳ್ಳಿಯಿಂದ ದೋಣಿಗಾಲ್ ಕಡೆ ಬರುವಾಗ ಎರಡು, ಮೂರನೇ ಗೇರಿನಲ್ಲೇ ಆಟ. ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಬೇಕು, ಬ್ರೇಕಿನ ಮೇಲೆ ಕಾಲು ಊರಿಕೊಂಡೇ ಬರಬಾರದು. ಇದು ಎಲ್ಲಾ ಗಾಡಿಗೂ ಒಂದೇ. ಮಳೆಗಾಲದಲ್ಲಿ ಶಿರಾಡಿಯನ್ನು ನಂಬುವ ಹಾಗಿಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲಿನ ಹತ್ತಿರ ಗುಡ್ಡ ಕುಸಿದಾಗ ಏನಾಯಿತು ಅಂತ ನೆನಪಿರಬಹುದು. ಆಗೆಲ್ಲ ಮೂಡಿಗೆರೆ, ಕೊಟ್ಟಿಗೆಹಾರ ಸುತ್ತಿಕೊಂಡು ಚಾರ್ಮಾಡಿ ಇಳಿಯಬೇಕು. ಆ ಹೇರ್‌ಪಿನ್ ತಿರುವುಗಳಲ್ಲಿ ಎದುರಿಗೆ ಬಸ್ಸು ಬಂದಾಗ ಒಂಬತ್ತು ಅಡಿ ಟ್ರೇ ಎಷ್ಟು ಸಲೀಸು ಅಂತ ಗೊತ್ತಾಗುತ್ತದೆ.

ಮೈಲೇಜು: ತೋಟ, ಘಾಟಿ, ಲೋಡು ಎಲ್ಲಾ ಸೇರಿ ಲೀಟರಿಗೆ ಹನ್ನೊಂದು, ಹನ್ನೆರಡು. ಹೆದ್ದಾರಿಯಲ್ಲಿ ಮೆತ್ತಗೆ ಹೋದರೆ ಹದಿನಾಲ್ಕು.

ಇದು ಹಿಂದಿನ ಚಕ್ರಕ್ಕೆ ಮಾತ್ರ ಎಳೆತ ಇರುವ ಗಾಡಿ. ಆಷಾಢದ ಮಳೆಯಲ್ಲಿ ಕೆಮ್ಮಣ್ಣಿನ ಏರಿನಲ್ಲಿ ಖಾಲಿ ಗಾಡಿ ಹತ್ತಿಸಲು ಹೋದರೆ ಹಿಂದಿನ ಚಕ್ರ ತಿರುಗುತ್ತಲೇ ಇರುತ್ತದೆ, ಗಾಡಿ ಮಾತ್ರ ಇದ್ದಲ್ಲೇ. ನಾವು ಜೂನ್ ಬಂತು ಅಂದರೆ ನಾಲ್ಕೈದು ಮರಳಿನ ಚೀಲ ಟ್ರೇನ ಹಿಂಭಾಗದಲ್ಲಿ ಬಿಟ್ಟಿರುತ್ತೇವೆ. ತೂಕ ಬಿದ್ದರೆ ಹಿಡಿತ ಸಿಗುತ್ತದೆ. ಖಾಲಿ ಗಾಡಿಯ ಕುಣಿತವೂ ಒಂದಿಷ್ಟು ಕಡಿಮೆ. ಅದಕ್ಕೂ ಬಗ್ಗದ ಏರು ಇದ್ದರೆ ಹಳೇ ಜೀಪಿನ ಚಕ್ರಕ್ಕೆ ಚೈನ್ ಹಾಕಿಯೇ ಹೋಗಬೇಕು. ಅದಕ್ಕೇ ನಮ್ಮ ಕಡೆ ಜೀಪನ್ನು ಯಾರೂ ಮಾರುವುದಿಲ್ಲ.

‘ಹಾಗಾದರೆ ನಾಲ್ಕೂ ಚಕ್ರಕ್ಕೆ ಎಳೆತ ಇರುವ ಫೋರ್ ಬೈ ಫೋರ್ ಪಿಕಪ್ಪೇ ತಗೋಬಹುದಿತ್ತಲ್ಲ’ ಎಂದು ಮನೆಯವರದ್ದು ಆಗ ಒಂದೇ ರಾಗ. ಪಕ್ಕದ ಎಸ್ಟೇಟಿನವರ ಇಸುಜು ವಿ-ಕ್ರಾಸ್ ನೋಡಿದಾಗಿನಿಂದ ಅದು ತಲೆಗೆ ಹತ್ತಿತ್ತು. ಗಾಡಿ ಚೆಂದ, ಸುಳ್ಳು ಹೇಳಬಾರದು. 1.9 ಲೀಟರ್ ಎಂಜಿನ್ನಿನಲ್ಲೇ 360 ಎನ್‌ಎಂ, ಕೂರಲು ಐದು ಜನ. ಟೊಯೋಟಾ ಹೈಲಕ್ಸ್ ಇನ್ನೂ ಒಂದು ಕೈ ಮೇಲೆ, ನಮ್ಮ ಬಿಡದಿಯಲ್ಲೇ ಜೋಡಣೆ ಆಗುತ್ತದೆ, ಆಟೊಮ್ಯಾಟಿಕ್‌ನಲ್ಲಿ 500 ಎನ್‌ಎಂ. ಆದರೆ ವಿ-ಕ್ರಾಸ್ 5295 ಮಿ.ಮೀ. ಉದ್ದ, ಹೈಲಕ್ಸ್ 5325. ಎರಡೂ ಹದಿನೇಳು ಅಡಿ ಮೀರಿದವು. ಅಷ್ಟುದ್ದದಲ್ಲಿ ಜನ ಕೂರುವ ಜಾಗ ಕಳೆದರೆ ಸಾಮಾನಿಗೆ ಉಳಿಯುವ ಟ್ರೇ ಐದಡಿಯ ಆಸುಪಾಸು. ಹೈಲಕ್ಸಿಗೆ ಮೂವತ್ತು ಲಕ್ಷದ ಹತ್ತಿರ ಕೊಟ್ಟು ಅದರಲ್ಲಿ ಕೋಳಿ ಗೊಬ್ಬರ ತುಂಬಿಸಲು ನನಗಂತೂ ಮನಸ್ಸು ಬರುವುದಿಲ್ಲ. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆ ಹೊಡೆಯುವ ಹಾಗೂ ಇಲ್ಲ.

ಅಕ್ಕನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಅವನ ಹತ್ತಿರ ಫೋರ್ಡ್ ಎಫ್-150 ಇದೆ. ಅಲ್ಲಿ ಇದನ್ನು ಫುಲ್ ಸೈಜ್ ಪಿಕಪ್ ಅನ್ನುತ್ತಾರೆ. ಎಫ್ ಸರಣಿ 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್. 2024ರಲ್ಲಿ ಮುಖ ಮೂತಿ ತಿದ್ದಿ ಹೊಸದು ಮಾಡಿದಾಗ ಟ್ರೇನ ಹಿಂದಿನ ಡೋರಿನೊಳಗೆ ಇನ್ನೊಂದು ಡೋರ್ ಕೊಟ್ಟಿದ್ದಾರೆ, ಕಿಟಕಿ ಬಾಗಿಲಿನ ಹಾಗೆ ಪಕ್ಕಕ್ಕೆ ತೆರೆಯುತ್ತದೆ. ವಿಡಿಯೊ ಕಳಿಸಿ ‘ಚಿಕ್ಕಮ್ಮಾ, ಹೇಗಿದೆ?’ ಅಂದ. ಉದ್ದ ಎಷ್ಟು ಅಂತ ಕೇಳಿದೆ. ನಾಲ್ಕು ಬಾಗಿಲಿನ ಅವನ ಗಾಡಿ ಹತ್ತೊಂಬತ್ತು ಅಡಿ ಮೀರುತ್ತದೆ, ಟ್ರೇ ಮಾತ್ರ ಐದೂವರೆ ಅಡಿ! ಅವರ ಹೆದ್ದಾರಿಗೆ, ಅವರು ಎಳೆಯುವ ದೋಣಿ, ಟ್ರೇಲರ್‌ಗೆ ಅದು ಸರಿ ಇರಬಹುದು. ಆ ಪಕ್ಕಕ್ಕೆ ತೆರೆಯುವ ಡೋರ್ ಮಾತ್ರ ನನಗೂ ಬೇಕು ಅನ್ನಿಸಿತು. ನಮ್ಮಲ್ಲಿ ಕಣದ ಕಟ್ಟೆಗೆ ಗಾಡಿ ಒತ್ತಿ ನಿಲ್ಲಿಸಿದರೆ ಡೋರ್ ಕೆಳಗೆ ಬಿಡಲು ಜಾಗವೇ ಇರುವುದಿಲ್ಲ.

ಗಾಡಿ ಕೊಂಡ ಮೇಲೆ ಮಾಡಿಸುವ ಕೆಲಸದ ಬಗ್ಗೆ ಎಚ್ಚರ ಇರಲಿ. ಟ್ರೇ ಸುತ್ತ ಗ್ರಿಲ್ ಎತ್ತರಿಸಲು ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದೆವು, ಹೆಸರು ಬೇಡ. ಗ್ರಿಲ್ ಚೆನ್ನಾಗಿಯೇ ಮಾಡಿದರು. ಆದರೆ ಹಗ್ಗದ ಕೊಕ್ಕೆಗಳನ್ನು ಹೊರಗಡೆ, ಕೆಳಗೆ ಬೆಸೆಯುವ ಬದಲು ಗ್ರಿಲ್ಲಿನ ಒಳಮೈಗೆ ಬೆಸೆದರು. ಟಾರ್ಪಾಲಿನ ಅಂಚು ಒಳಗೇ ನಿಲ್ಲುತ್ತಿತ್ತು, ಮಧ್ಯದಲ್ಲಿ ಗುಂಡಿ ಬಿದ್ದು ನೀರು ನಿಲ್ಲುತ್ತಿತ್ತು. ನವೆಂಬರಿನಲ್ಲಿ ಬರಬಾರದ ಮಳೆ ಬಂತು, ನಿಂತ ನೀರು ಅಂಚಿನಿಂದ ಸೀದಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಕಾಫಿ ಚೀಲದ ಮೇಲೆ. ಪಾರ್ಚ್‌ಮೆಂಟ್ ಕಾಫಿಯನ್ನು ತೇವ 10 ಪರ್ಸೆಂಟಿಗೆ ಬರುವವರೆಗೆ ದಿನಗಟ್ಟಲೆ ಕಣದಲ್ಲಿ ಹರವಿ ಒಣಗಿಸಿರುತ್ತೇವೆ. ಕೊಳ್ಳುವವರು ಚೀಲಕ್ಕೆ ಕೈ ಹಾಕಿ, ಮೀಟರ್ ಹಿಡಿದು, ಮುಖ ಸಣ್ಣಗೆ ಮಾಡಿದರು. ಒದ್ದೆಯಾದ ಚೀಲ ವಾಪಸ್ ತಂದು ಮತ್ತೆ ಹರವಿದ್ದಾಯಿತು. ವರ್ಕ್‌ಶಾಪಿನವರು ‘ನೀವು ಮೊದಲೇ ಹೇಳಬೇಕಿತ್ತು’ ಅಂದರು. ಕೊಕ್ಕೆ ಹೊರಗಿರುತ್ತದೆ ಅಂತಲೂ ಹೇಳಬೇಕೆ? ಕೊನೆಗೆ ಊರಿನ ಕಮ್ಮಾರರ ಹತ್ತಿರ ಕತ್ತರಿಸಿ ಬೇರೆ ಬೆಸೆಸಿದೆವು. ಮಧ್ಯದಲ್ಲಿ ಕಮಾನಿನ ಹಾಗೆ ಎರಡು ಪೈಪು ಹಾಕಿಸಿದ್ದೇವೆ. ಈಗ ನೀರು ನಿಲ್ಲುವುದಿಲ್ಲ.

ಕಾಗದ ಪತ್ರದ ವಿಷಯ ಬೇಗ ಹೇಳುತ್ತೇನೆ. ಒಟ್ಟು ತೂಕ 3000 ಕೆ.ಜಿ. ಒಳಗಿನ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ. 1.7 ಟನ್ ಹೊರುವ ಗಾಡಿ ಈ ಗೆರೆ ದಾಟುತ್ತದೆ, ಪರ್ಮಿಟ್ ಬೇಕು. ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಪತ್ರ, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಕಾರು ಓಡಿಸುವ ಮಾಮೂಲಿ ಎಲ್‌ಎಂವಿ ಲೈಸೆನ್ಸಿನಲ್ಲಿ ಹಳದಿ ಬೋರ್ಡ್ ಪಿಕಪ್ ಓಡಿಸಬಹುದಾ ಅನ್ನುವ ಜಗಳ 2024ರ ನವೆಂಬರಿನಲ್ಲಿ ಮುಗಿದಿದೆ. ಒಟ್ಟು ತೂಕ 7500 ಕೆ.ಜಿ. ಒಳಗಿದ್ದರೆ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ನಾನು ಧೈರ್ಯವಾಗಿ ಸ್ಟೇರಿಂಗ್ ಹಿಡಿಯುವುದು ಅದರ ಬಲದಿಂದ. ಟ್ರೇನಲ್ಲಿ ಆಳುಗಳನ್ನು ನಿಲ್ಲಿಸಿಕೊಂಡು ಹೋಗುವುದನ್ನು ಮಾತ್ರ ದಯವಿಟ್ಟು ಬಿಡಿ. ಕೊಯ್ಲಿನಲ್ಲಿ ಎಲ್ಲರೂ ಮಾಡುತ್ತಾರೆ, ನಿಜ. ಏನಾದರೂ ಆದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತುತ್ತದೆ.

ಹಳೇ ಬೊಲೆರೊ ಪಿಕಪ್ ಚೆನ್ನಾಗಿ ಓಡುತ್ತಿದ್ದರೆ ಬದಲಾಯಿಸಲು ಅವಸರ ಏನೂ ಇಲ್ಲ. ಎಂಜಿನ್ನಿನಲ್ಲಿ ಆಕಾಶ ಪಾತಾಳದ ವ್ಯತ್ಯಾಸ ಕಾಣುವುದಿಲ್ಲ. ಹೊಸದಾಗಿ ಕೊಳ್ಳುವವರು ಬಯಲುಸೀಮೆ ಕಡೆ, ಅರಸೀಕೆರೆ, ಚನ್ನರಾಯಪಟ್ಟಣದವರಾದರೆ ಹತ್ತು ಅಡಿಯದನ್ನೇ ನೋಡಿ, ಕೊಬ್ಬರಿ ಚೀಲ ಜಾಸ್ತಿ ಹಿಡಿಯುತ್ತದೆ. ತೋಟದವರು ಒಂಬತ್ತಕ್ಕೆ ನಿಲ್ಲಿಸಿ. ಟೆಸ್ಟ್ ಡ್ರೈವ್‌ಗೆ ಖಾಲಿ ಗಾಡಿ ಕೊಟ್ಟು, ಬೈಪಾಸಿನಲ್ಲಿ ಒಂದು ಸುತ್ತು ಹೊಡೆಸಿ, ಕೈ ಕುಲುಕುತ್ತಾರೆ. ಒಪ್ಪಬೇಡಿ. ನಿಮ್ಮ ಡ್ರೈವರನ್ನೂ ಕರೆದುಕೊಂಡು ಹೋಗಿ, ಗಾಡಿಯನ್ನು ತೋಟಕ್ಕೇ ತರಿಸಿ, ಇಪ್ಪತ್ತು ಚೀಲ ಏರಿಸಿ, ಕಣದಿಂದ ಗೇಟಿನವರೆಗೆ ರಿವರ್ಸ್ ತೆಗೆಯಲು ಹೇಳಿ. ಮಾರುವವರು ಒಂದಿಷ್ಟು ಗೊಣಗುತ್ತಾರೆ, ಆದರೆ ಕೊಡುತ್ತಾರೆ. ನಮಗೂ ಹಾಗೇ ಕೊಟ್ಟರು.