ಕಬ್ಬಿಣದ ಆರ್ಕೇಡ್ ಪೆಟ್ಟಿಗೆಗೆ 21 ಇಂಚಿನ ಹಳೇ ಟಿವಿ: ಎಂಥದ್ದು ಕೊಳ್ಳಬೇಕು, ಹೇಗೆ ಕೂರಿಸಬೇಕು

ಗುಜರಿ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ 21 ಇಂಚಿನ ಕಲರ್ ಟಿವಿ ಆರ್ಕೇಡ್ ಪೆಟ್ಟಿಗೆಗೆ (ನಿಂತು ಆಡುವ ವಿಡಿಯೊ ಗೇಮ್ ಯಂತ್ರಕ್ಕೆ) ಇವತ್ತಿಗೂ ಬಹಳ ಒಳ್ಳೆಯ ಪರದೆ. 80–90ರ ದಶಕದ ಬಹುಪಾಲು ಆಟಗಳ ಚಿತ್ರ ಬಿಡಿಸಿದ್ದೇ 15 ಕಿಲೋಹರ್ಟ್ಸ್ ಟ್ಯೂಬಿಗೆ, ಅಂದರೆ ಸೆಕೆಂಡಿಗೆ ಸುಮಾರು 15 ಸಾವಿರ ಗೆರೆ ಎಳೆಯುವ ಹಳೇ ಟಿವಿಯ ಗಾಜಿನ ಪಿಕ್ಚರ್ ಟ್ಯೂಬಿಗೆ. ಎಲ್‌ಇಡಿಯಲ್ಲಿ ಚೌಕ ಚೌಕವಾಗಿ ಒಡೆದು ಕಾಣುವ ಮುಖ ಇಲ್ಲಿ ಮುಖದಂತೆಯೇ ಕಾಣುತ್ತದೆ. ಹಾಗಾಗಿ ಕೊಳ್ಳಿ ಎಂದೇ ಹೇಳುತ್ತೇವೆ. ಆದರೆ ಮರದ ಪೆಟ್ಟಿಗೆಯಲ್ಲಿ ನಡೆದುಹೋಗುವ ಉಡಾಫೆ ಕಬ್ಬಿಣದ್ದರಲ್ಲಿ ಜೀವಕ್ಕೇ ಎರವಾಗುತ್ತದೆ.

29 ಇಂಚಿನ ಫ್ಲ್ಯಾಟ್ ಟ್ಯೂಬಿನ ಆಸೆ ಬೇಡ. ತೂಕ 40 ಕಿಲೋ ದಾಟುತ್ತದೆ. 14 ಇಂಚಿನದು ಇಬ್ಬರು ನಿಂತು ಆಡಲು ಸಾಲದು. ಉಬ್ಬು ಗಾಜಿನ 21 ಇಂಚಿನದೇ ಸರಿ. ಅಂಗಡಿಯಲ್ಲೇ ಪ್ಲಗ್ ಹಾಕಿಸಿ ನೋಡಿ. ಬೆಳಕು ಏರಲು ನಿಮಿಷಗಟ್ಟಲೆ ಹಿಡಿದರೆ, ಬಿಳಿ ಬಣ್ಣ ಪಕ್ಕಕ್ಕೆ ಹರಡಿಕೊಂಡರೆ ಟ್ಯೂಬ್ ಸೊರಗಿದೆ ಎಂದರ್ಥ. ಎವಿ ಇನ್‌ಪುಟ್ (ಹೊರಗಿನಿಂದ ಚಿತ್ರ, ಸದ್ದು ಕೊಡುವ ಸಾಕೆಟ್) ಇರಬೇಕು, 60 ಹರ್ಟ್ಸ್ ಎನ್‌ಟಿಎಸ್‌ಸಿ (ಅಮೆರಿಕ, ಜಪಾನಿನ ಟಿವಿ ಸಿಗ್ನಲ್ ಪದ್ಧತಿ) ತೆಗೆದುಕೊಳ್ಳಬೇಕು. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ: ಪ್ಲಗ್ ಕಿತ್ತು ಮತ್ತೆ ಹಾಕಿದಾಗ ಟಿವಿ ತಾನಾಗಿ ಹೊತ್ತಿಕೊಳ್ಳಬೇಕು. ಸ್ಟ್ಯಾಂಡ್‌ಬೈನಲ್ಲಿ ಕೆಂಪು ದೀಪ ಉರಿಸುತ್ತ ಕೂತರೆ, ಕರೆಂಟ್ ಹೋಗಿ ಬಂದಾಗಲೆಲ್ಲ ರಿಮೋಟ್ ಹುಡುಕಬೇಕಾಗುತ್ತದೆ.

ಇನ್ನು ಅಪಾಯದ ಮಾತು. ಕೆಲವು ಹಳೇ ಟಿವಿಗಳ ಇಡೀ ಚಾಸಿಯೇ (ಒಳಗಿನ ಸರ್ಕ್ಯೂಟಿನ ಗ್ರೌಂಡ್) ಲೈವ್, ಅಂದರೆ ನೇರವಾಗಿ ಮನೆಯ ಕರೆಂಟಿಗೆ ಸೇರಿರುತ್ತದೆ. ಟ್ಯೂಬಿನ ಬೆನ್ನಿನ ಕಪ್ಪು ಲೇಪನಕ್ಕೆ ಒತ್ತಿಕೊಂಡಿರುವ ಬರಿ ಹೆಣಿಗೆ ತಂತಿ ಅದೇ ಚಾಸಿಗೆ ಸೇರಿರುತ್ತದೆ, ಅದನ್ನು ಸಿಕ್ಕಿಸಿರುವುದು ಟ್ಯೂಬಿನ ಮೂಲೆಯ ಲೋಹದ ಕಿವಿಗಳಿಗೆ. ಪ್ಲಾಸ್ಟಿಕ್ ಮೈ ಇರುವಷ್ಟು ದಿನ ತೊಂದರೆಯಿಲ್ಲ. ಆ ಕಿವಿಗಳನ್ನು ಕಬ್ಬಿಣಕ್ಕೆ ಬೋಲ್ಟ್ ಮಾಡಿದ ಗಳಿಗೆಗೆ ಇಡೀ ಪೆಟ್ಟಿಗೆಗೆ ಕರೆಂಟ್. ಪ್ಲಗ್ ಕಿತ್ತು, ಟಿವಿಯ ಸ್ವಿಚ್ ಒತ್ತಿಟ್ಟು, ಪ್ಲಗ್ಗಿನ ಎರಡೂ ಪಿನ್ನಿನಿಂದ ಆ ತಂತಿಗೆ ಮಲ್ಟಿಮೀಟರ್ ಹಿಡಿಯಿರಿ. ಮೆಗಾಓಮ್ ಲೆಕ್ಕದಲ್ಲಿ ತೋರಿಸಿದರೆ ಚಾಸಿ ಮನೆಯ ಕರೆಂಟಿನಿಂದ ಪ್ರತ್ಯೇಕವಾಗಿದೆ. ಕೆಲವೇ ಓಮ್ ತೋರಿಸಿದರೆ, ಇಲ್ಲವೇ ಡಯೋಡ್ ರೇಂಜಿನಲ್ಲಿ ರೀಡಿಂಗ್ ಬಂದರೆ ಅದು ಲೈವ್. ಅಂಥದ್ದನ್ನು ಬಿಟ್ಟುಬಿಡಿ, ಅಥವಾ ಟಿವಿಯನ್ನು ಮನೆಯ ಕರೆಂಟಿನಿಂದ ಬೇರ್ಪಡಿಸುವ 200 ವಿಎ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಮನೆಯ ಸ್ಟೆಬಿಲೈಸರ್ ಆ ಕೆಲಸ ಮಾಡುವುದಿಲ್ಲ, ಅದರೊಳಗಿರುವುದು ಕರೆಂಟನ್ನು ಬೇರ್ಪಡಿಸದ ಆಟೋಟ್ರಾನ್ಸ್‌ಫಾರ್ಮರ್.

ಹಿಂದಿನ ಮುಚ್ಚಳ ತೆಗೆದ ಮೇಲೆ ಎರಡು ಕಡೆ ಚಾರ್ಜ್ ಉಳಿದಿರುತ್ತದೆ. ಪವರ್ ಸಪ್ಲೈನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 320 ವೋಲ್ಟ್, ಅದನ್ನು 2.2 ಕಿಲೋಓಮ್, 10 ವ್ಯಾಟ್ ರೆಸಿಸ್ಟರಿನಿಂದ ಇಳಿಸಿ ಮೀಟರಿನಲ್ಲಿ ನೋಡಿಕೊಳ್ಳಿ. ಟ್ಯೂಬಿನ ಆನೋಡಿನಲ್ಲಿ (ದಪ್ಪ ತಂತಿ ರಬ್ಬರ್ ಟೋಪಿಯಡಿ ಟ್ಯೂಬಿಗೆ ಸೇರುವ ಜಾಗ) 25 ಕಿಲೋವೋಲ್ಟಿನವರೆಗೆ. ಅದಕ್ಕೆ ಉದ್ದ ಪ್ಲಾಸ್ಟಿಕ್ ಹಿಡಿಯ ಚಪ್ಪಟೆ ಸ್ಕ್ರೂಡ್ರೈವರಿಗೆ ತಂತಿ ಕಟ್ಟಿ, ಇನ್ನೊಂದು ತುದಿಯನ್ನು ಹೆಣಿಗೆ ತಂತಿಗೆ ಸಿಕ್ಕಿಸಿ (ಪಿಸಿಬಿಗೆ, ಅಂದರೆ ಬಿಡಿಭಾಗಗಳ ಸರ್ಕ್ಯೂಟ್ ಬೋರ್ಡಿಗೆ ಅಲ್ಲ), ಒಂದೇ ಕೈಯಲ್ಲಿ ರಬ್ಬರ್ ಟೋಪಿಯಡಿ ತೂರಿಸಿ. ಟಕ್ಕೆಂದು ಸದ್ದಾಗಬಹುದು. ಅಷ್ಟಕ್ಕೇ ಕೈ ಹಾಕಬೇಡಿ. ಗಾಜು ಹೀರಿಕೊಂಡ ಚಾರ್ಜ್ ಮೆಲ್ಲಗೆ ಮರಳಿ ಬರುತ್ತದೆ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿ. ಈ ಒಂದು ಹೆಜ್ಜೆಗೆ ಹಳೇ ಟಿವಿ ಮೆಕ್ಯಾನಿಕ್ಕನ್ನು ಕರೆದರೆ ಇನ್ನೂ ಒಳ್ಳೆಯದು.

ಟ್ಯೂಬಿನ ಭಾರ ನಾಲ್ಕು ಕಿವಿಗಳ ಮೇಲೆ ಬೀಳಬೇಕು, ಗಾಜಿನ ಮೇಲಾಗಲೀ ಕತ್ತಿನ ಮೇಲಾಗಲೀ ಅಲ್ಲ. ಪೆಟ್ಟಿಗೆಯ 1.2 ಎಂಎಂ ತಗಡು ಈ ಭಾರ ತಡೆಯದೆ ಬಾಗುತ್ತದೆ. 25×25×3 ಎಂಎಂ ಆ್ಯಂಗಲ್‌ನಿಂದ ಚೌಕಟ್ಟು ಮಾಡಿಸಿ, ಅದನ್ನು ಪೆಟ್ಟಿಗೆಯ ಕಂಬಗಳಿಗೆ ಕೂರಿಸಿ. ವೆಲ್ಡಿಂಗ್, ಡ್ರಿಲ್ಲಿಂಗ್ ಎಲ್ಲ ಟ್ಯೂಬ್ ಒಳಗೆ ಬರುವ ಮೊದಲೇ ಮುಗಿಯಬೇಕು. ಆಮೇಲೆ 6 ಎಂಎಂ ಬೋಲ್ಟು, ಅಗಲ ವಾಷರು, ನಡುವೆ ರಬ್ಬರು. ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಗಾಜಿನ ಸುತ್ತ ಇರುವ ಬಿಗಿ ಉಕ್ಕಿನ ಪಟ್ಟಿಯನ್ನು ಮಾತ್ರ ಯಾವ ಕಾರಣಕ್ಕೂ ಸಡಿಲಿಸಬೇಡಿ. ಟ್ಯೂಬ್ ಸಿಡಿಯದಂತೆ ಕಾಯುವುದು ಅದೇ. ಕಣ್ಣು ಕಾಯುವ ಸುರಕ್ಷತಾ ಕನ್ನಡಕವಿಲ್ಲದೆ ಈ ಕೆಲಸ ಬೇಡ.

ಪಿಸಿಬಿ ನೈಲಾನ್ ಕಾಲಿನ ಮೇಲಿರಲಿ, ಅಡಿಯಲ್ಲಿ ಫೈಬರ್ ಶೀಟ್. ಹೆಣಿಗೆ ತಂತಿ ಮೊದಲಿನ ಜಾಗಕ್ಕೇ ಮರಳಲಿ. ಅದು ಬಿಟ್ಟುಹೋದರೆ ಟ್ಯೂಬಿನೊಳಗೊಂದು ಕಿಡಿ ಹಾರಿದರೂ ಐಸಿಗಳು ಸುಟ್ಟುಹೋಗುತ್ತವೆ. ಪೆಟ್ಟಿಗೆಯ ಅರ್ಥಿಂಗ್‌ಗೆ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ, 1.5 ಚದರ ಎಂಎಂ ತಂತಿ ಬಿಗಿಯಿರಿ. ಬಾಗಿಲಿಗೆ ಬೇರೆ ತಂತಿ ಬೇಕು; ಬಣ್ಣ ಬಳಿದ ಕೀಲನ್ನು ಅರ್ಥಿಂಗ್‌ಗೆ ನಂಬುವಂತಿಲ್ಲ. ಟ್ಯೂಬಿನ ತೂಕವೆಲ್ಲ ಮುಂದಿರುವುದರಿಂದ ಪೆಟ್ಟಿಗೆ ಮುಗ್ಗರಿಸದಂತೆ ಗೋಡೆಗೆ ಕ್ಲ್ಯಾಂಪ್ ಹಾಕಿ.

ಮೊದಲ ಸಲ ಹಚ್ಚಿದಾಗ ಮೂಲೆಗಳಲ್ಲಿ ಹಸಿರು, ನೇರಳೆ ಮಚ್ಚೆ ಕಂಡರೆ ಟ್ಯೂಬ್ ಕೆಟ್ಟಿತೆಂದು ಗಾಬರಿಯಾಗಬೇಡಿ. ಡ್ರಿಲ್ ಮಾಡಿದ, ಬೆಸೆದ ಕಬ್ಬಿಣಕ್ಕೆ ಕಾಂತತ್ವ ಹತ್ತಿರುತ್ತದೆ. ಆ ಕಾಂತತ್ವ ಅಳಿಸುವ, ಟಿವಿಯೊಳಗಿನ ಡೀಗಾಸ್ ಕಾಯಿಲ್ ಟಿವಿ ತಣ್ಣಗಿದ್ದು ಹಚ್ಚಿದಾಗ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಅರ್ಧ ಗಂಟೆ ಆರಿಸಿಟ್ಟು ಮತ್ತೆ ಹಚ್ಚಿ. ಹೋಗದಿದ್ದರೆ ಕೈಯಲ್ಲಿ ಹಿಡಿಯುವ ಡೀಗಾಸ್ ಕಾಯಿಲ್ ಬೇಕು. ಅದಕ್ಕೂ ಜಗ್ಗದೆ ಒಂದೇ ಪಕ್ಕದಲ್ಲಿ ಮಚ್ಚೆ ಉಳಿದರೆ, ಆ ಪಕ್ಕದ ಸ್ಪೀಕರಿನ ಆಯಸ್ಕಾಂತವೇ ಕಾರಣವಿರಬಹುದು, ಅದನ್ನು ಬಿಚ್ಚಿ ದೂರವಿಟ್ಟು ನೋಡಿ.